ಸುಳಿ ಹೋದ ತೆಂಗಿನ ಮೇಲಿನ ಆಕಾಶ

ಸಿಟ್ಟು ಬರಬೇಕಾದ ಕಡೆ ತನಗೆ ಖುಷಿಯಾಗುತ್ತಿದೆಯಲ್ಲ, ಇದು ಸರಿಯೇ ಎಂಬ ಸಣ್ಣ ಕಳವಳ ಮೇಘಶ್ರೀಯನ್ನು ಒಳಗೊಳಗೇ ಕೊರೆಯುತ್ತಿತ್ತು.

ತನ್ನ ಫೋನಿಗೊಂದು ಬ್ಯಾಕ್ ಕವರ್ ಮಾಡಿಸಿಕೊಳ್ಳಲು ಬೇಲೂರು ಬಸ್ ಸ್ಟ್ಯಾಂಡ್ ಹತ್ತಿರದ ಮೋಹನ್‌ಕುಮಾರನ ಅಂಗಡಿಗೆ ಅವಳೇ ಫೋಟೋ ಕೊಟ್ಟಿದ್ದಳು. ಆಕಾಶದ ತುಂಬ ಹಾಲು ಚೆಲ್ಲಿದಂತೆ ನಕ್ಷತ್ರ, ಕೆಳಗೆ ಮೂಲೆಯಲ್ಲೊಂದು ಬೋಳು ಮರ. ಎಲ್ಲಿಯದು ಎಂದು ಅವನು ಕೇಳಿದಾಗ ಇವಳು ತಲೆ ತಗ್ಗಿಸಿ ಕವರಿನ ದುಡ್ಡು ಎಣಿಸತೊಡಗಿದಳು. ನೆಟ್‌ನಿಂದ ಇಳಿಸಿಕೊಂಡದ್ದಿರಬೇಕೆಂದು ಅವನೇ ತೀರ್ಮಾನಿಸಿ, ಇನ್ನಷ್ಟು ಕವರ್ ಪ್ರಿಂಟ್ ಹಾಕಿಸಿ, 'ಲಡಾಖ್ ಆಕಾಶ' ಎಂದು ಚೀಟಿ ಅಂಟಿಸಿ ಅಂಗಡಿ ಮುಂದೆ ನೇತುಹಾಕಿದ. ನೇತುಹಾಕಿದ್ದೆಲ್ಲ ಖಾಲಿಯಾಗುತ್ತಿತ್ತು. ಹಳೇಬೀಡಿನ ಬಸ್ಸಿನ ಕಂಡಕ್ಟರಮ್ಮನ ಕೈಯಲ್ಲೂ ತನ್ನ ಆಕಾಶ ಕಂಡ ದಿನ ಮೇಘಶ್ರೀ ಇಳಿಯಬೇಕಾದ ಸ್ಟಾಪನ್ನೇ ಮರೆತಿದ್ದಳು.

ಆ ಮರ ಅರಸೀಕೆರೆ ಕಡೆಯ ತಾತ ಷಡಕ್ಷರಪ್ಪನವರ ತೋಟದ ತೆಂಗು. ದುಂಬಿ ಸುಳಿ ತಿಂದು ತಲೆ ಉದುರಿತ್ತು. ತಲೆಯಿಲ್ಲದ ಮರ ತೋಟದಲ್ಲಿ ನಿಲ್ಲಬಾರದೆಂದು ತಾತ ಕಡಿಸಲು ಹೊರಟಾಗ, ಫೋಟೋ ತೆಗೆಯೋವರೆಗೆ ಬಿಡಿ ಎಂದು ಹೇಳಲಾರದೆ ಅವಳು ಮರದ ಬುಡದಲ್ಲೇ ಕೂತುಬಿಟ್ಟಿದ್ದಳು. ಮಾತಿಲ್ಲದ ಆ ಹಟಕ್ಕೆ ತಾತ ಸೋತು ಕೊಡಲಿ ಒಳಗಿಟ್ಟಿದ್ದರು.

ಇವತ್ತು ಅತ್ತೆ ಪುಷ್ಪಲತಾ ಅವರ ಫೋನಿಗೆ ಗ್ಲಾಸ್ ಹಾಕಿಸಲು ಇಬ್ಬರೂ ಬಂದರೆ ಅಂಗಡಿ ತುಂಬ ಜನ. ಬಿಕ್ಕೋಡಿನಿಂದ ಬಂದ ಹೆಂಗಸೊಬ್ಬರು ಅದೇ ಕವರನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು.

"ಎಲ್ಲಾ ಚೆನ್ನಾಗೈತೆ ಕಣಪ್ಪ. ಈ ಕರಿ ಕಡ್ಡಿ ಯಾಕೆ?"

"ಅದು ಪೈನ್ ಮರ ಕಣಮ್ಮ, ಹಿಮ ಬಿದ್ದು ಬೋಳಾಗಿರ್ತದೆ," ಎಂದ ಮೋಹನ್‌ಕುಮಾರ್. "ಬೇಡ ಅಂದ್ರೆ ಹೇಳಿ, ಮುಂದಿನ ಸಲ ಅಳಿಸೇ ಹಾಕಿಸ್ತೀನಿ."

ತೆಂಗಿನ ತೋಟದಲ್ಲೇ ಬೆಳೆದ ಅತ್ತೆ ಸೆರಗು ಬಾಯಿಗಿಟ್ಟು ನಕ್ಕರು. ಮೇಘಶ್ರೀ ನಗಲಿಲ್ಲ. ಅಳಿಸುವ ಮಾತು ಕೇಳಿದ್ದೇ, ಅವತ್ತು ಬೆನ್ನಿಗೆ ಒತ್ತಿದ್ದ ಆ ಮರದ ಒರಟು ಮೈ ಮತ್ತೆ ಬೆನ್ನಿಗೆ ತಾಗಿದಂತಾಯಿತು. ಅವತ್ತು ಕೂತಿದ್ದಳು. ಇವತ್ತು ಜನರನ್ನು ಸರಿಸಿಕೊಂಡು ಕೌಂಟರಿನವರೆಗೆ ಹೋಗಿ ನಿಂತಳು. ದನಿ ಎಷ್ಟು ಜೋರಾಗಿ ಬಂತೆಂದರೆ ಆಚೆ ಚಾರ್ಜರ್ ಆರಿಸುತ್ತಿದ್ದವರೂ ತಿರುಗಿ ನೋಡಿದರು.

"ಅಳಿಸ್ಬೇಡಿ ಅಣ್ಣ. ಅದು ನಮ್ಮ ತಾತನ ತೋಟದ ತೆಂಗು. ಆ ಫೋಟೋ ತೆಗ್ದಿದ್ದು ನಾನು."