ನರ್ಸಮ್ಮನ ಕೈಗುಣ

ಕೊನೆಯ ಚೊಂಬು ನೀರು ಹೊಯ್ದು ಸೊಣ್ಣಮ್ಮ ವೆಂಕಟಮ್ಮನ ಹೆಣದ ಬಲಗೈ ಒರೆಸುತ್ತಿದ್ದಳು. ಮಾಕಳಿಯ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ವೆಂಕಟಮ್ಮ ಇಪ್ಪತ್ತೆಂಟು ವರ್ಷ ನರ್ಸು, ಸೊಣ್ಣಮ್ಮ ಇಪ್ಪತ್ತು ವರ್ಷದಿಂದ ಆಯಾ. ನಿನ್ನೆ ಮಧ್ಯಾಹ್ನ ಕಾಲರಾ ಸೂಜಿಯ ಕೆಲಸ ಮುಗಿಸಿ ಬಂದು ಕುರ್ಚಿಯಲ್ಲಿ ಕೂತ ನರ್ಸಮ್ಮ ಮತ್ತೆ ಏಳಲಿಲ್ಲ. ನಿವೃತ್ತಿಗೆ ಇನ್ನು ಮೂರೇ ತಿಂಗಳಿತ್ತು. ಅಷ್ಟಕ್ಕೂ ಕಾಯಲಿಲ್ಲ ಪುಣ್ಯಾತ್ಗಿತ್ತಿ.

ಆಗಾಗ ತಪಾಸಣೆಗೆ ಬಂದು ಹೋಗುವ ಡಾಕ್ಟರು ಜೀಪಿನಲ್ಲಿ ಹಾರ ತಂದರು. "ಇಂಥ ಕೈಗುಣ ನಮಗೆ ಮತ್ತೆ ಸಿಗಲ್ಲ," ಎಂದರು. "ಈ ವಯಸ್ಸಲ್ಲೂ ಮಗುವಿಗೆ ನೋವಾಗದ ಹಾಗೆ ಸೂಜಿ ಹಾಕ್ತಿದ್ರು."

ನೆರೆದ ಹೆಂಗಸರು ತಲೆ ತಗ್ಗಿಸಿದರು. ಸೊಣ್ಣಮ್ಮ ಹೆಣದ ಕೈಯನ್ನು ಸೀರೆಯೊಳಗೆ ಸೇರಿಸಿದಳು. ಇವತ್ತೊಂದು ದಿನ ದಾಟಿದರೆ ನರ್ಸಮ್ಮನ ಹೆಸರು ಉಳಿಯುತ್ತದೆ, ಅಷ್ಟೇ ಸಾಕು ಅವಳಿಗೆ.

*

ಹೋದ ವರ್ಷ, ಎಪ್ಪತ್ನಾಲ್ಕರ ಬೇಸಿಗೆಯಲ್ಲಿ, ಪೀಣ್ಯದ ಕಾರ್ಖಾನೆಗಳ ಪಕ್ಕದ ಶೆಡ್ಡುಗಳಿಂದ ಕಾಲರಾ ಮಾಕಳಿಗೂ ಬಂತು. ದಿನಕ್ಕೆ ಇನ್ನೂರು ಮುನ್ನೂರು ತೋಳಿಗೆ ಸೂಜಿ. ವೆಂಕಟಮ್ಮನ ಕೈ ನಡುಗತೊಡಗಿತು. ಒಂದು ಮಗುವಿನ ತೋಳಿನಲ್ಲಿ ಸೂಜಿ ಮುರಿದ ದಿನ ಕೇಂದ್ರದ ಹಿಂದೆ ಕೂತು ಅತ್ತಳು.

"ರಜಾ ಹಾಕಿ ಅಕ್ಕ," ಎಂದಳು ಸೊಣ್ಣಮ್ಮ.

"ಹಾಕಿದ್ರೆ ಪರೀಕ್ಷೆ ಮಾಡಿ ಮನೆಗೇ ಕಳಿಸ್ತಾರೆ. ಈ ಬಿಳಿ ಸೀರೆ ಬಿಚ್ಚಿದ್ರೆ ನಾನ್ಯಾರು ಸೊಣ್ಣಮ್ಮ?"

ಮಾರನೇ ದಿನದಿಂದ ವೆಂಕಟಮ್ಮ ಮಗುವನ್ನು ತೊಡೆ ಮೇಲೆ ಹಾಕಿಕೊಂಡು, ಸೆರಗು ಅಡ್ಡ ಹಿಡಿದು, ಕಾಗೆ ಗುಬ್ಬಿ ಎಂದು ಮಾತಾಡಿಸುವುದು. ಸೆರಗಿನ ಮರೆಯಲ್ಲಿ ಸೊಣ್ಣಮ್ಮ ಚುಚ್ಚುವುದು. ಇಪ್ಪತ್ತು ವರ್ಷ ಸೂಜಿ ಕುದಿಸುತ್ತ, ನೋಡಿ ನೋಡಿಯೇ ಕಲಿತದ್ದು. ಗೊತ್ತಾದರೆ ಇಬ್ಬರ ಕೆಲಸವೂ ಹೋಗುತ್ತಿತ್ತು. ಜೀಪಿನ ಸದ್ದು ಕೇಳಿದರೆ ಸಾಕು, ವೆಂಕಟಮ್ಮ ಬೆವರುತ್ತಿದ್ದಳು.

"ನಾನು ಸತ್ತ ಮೇಲೂ ಬಾಯಿ ಬಿಡಬೇಡ ಕಣೆ," ಎನ್ನುತ್ತಿದ್ದಳು. "ಕೈಲಾಗದೋಳು ಅನ್ನಿಸ್ಕೊಂಡು ಹೋಗೋಕೆ ನನಗಿಷ್ಟ ಇಲ್ಲ."

*

ವೆಂಕಟಮ್ಮನ ತಮ್ಮನ ಹೊಲದಲ್ಲಿ ಗುಂಡಿ ತೋಡಿದ್ದರು. ಹೆಣ ಇಳಿಸಿ ಎಲ್ಲರೂ ಮೂರು ಮೂರು ಹಿಡಿ ಮಣ್ಣು ಹಾಕಿದ ಮೇಲೆ ಗಂಡಸರು ಸನಿಕೆ ಹಿಡಿದು ಗುಂಡಿಯನ್ನು ಮುಕ್ಕಾಲು ಮುಚ್ಚಿದ್ದರು. ಡಾಕ್ಟರು ಗಡಿಯಾರ ನೋಡಿಕೊಂಡು, "ನಾಳೆ ಸೂಜಿ ಹಾಕೋರು ಯಾರು? ಹೊಸ ನರ್ಸ್ ಬರೋಕೆ ಇನ್ನೂ ವಾರ ಆಗುತ್ತೆ," ಎಂದರು.

ನಾಲ್ಕು ಮೊಮ್ಮಕ್ಕಳಿಗೆ ಸೂಜಿ ಹಾಕಿಸಿದ್ದ ಮುದುಕಿ ಭದ್ರಮ್ಮ ಮುಂದೆ ಬಂದಳು. "ವರ್ಸದಿಂದ ಚುಚ್ತಿರೋಳು ಇಲ್ಲೇ ನಿಂತವ್ಳಲ್ಲ ಸಾರ್."

ಸೊಣ್ಣಮ್ಮ ಅವಳ ತೋಳು ಹಿಡಿದಳು. "ಭದ್ರಕ್ಕ, ನಿಂಗೆ ಗೊತ್ತಿತ್ತಾ?"

"ಊರಿಗೇ ಗೊತ್ತಿತ್ತು. ಸೆರಗಿನ ಮರೇಲಿ ಏನು ನಡೀತೈತೆ ಅಂತ ತಾಯಂದ್ರಿಗೆ ಕಾಣಲ್ವಾ? ನರ್ಸಮ್ಮ ನೊಂದ್ಕೊಂಡಾಳು ಅಂತ ನಾವೇ ಆ ಕಡೆ ಮುಖ ತಿರುಗಿಸ್ಕೊಂಡು ಕೂರ್ತಿದ್ವಿ. ಆಯಮ್ಮನ ತೊಡೆ ಮೇಲೆ ಮಗ ಅಳು ನಿಲ್ಲಿಸ್ತಿತ್ತು. ಅಷ್ಟಾದ್ರೆ ಸಾಕಿತ್ತು ನಮ್ಗೆ."

ಡಾಕ್ಟರು ಏನೋ ಕೇಳಿದರು. ಸೊಣ್ಣಮ್ಮ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಗುಂಡಿಯ ಅಂಚಿಗೆ ಹೋಗಿ ಮಂಡಿಯೂರಿದಳು.

"ಅಕ್ಕ, ಕೇಳಿಸ್ತಾ? ಎಲ್ರಿಗೂ ಗೊತ್ತಿತ್ತಂತೆ. ಆದ್ರೂ ಯಾರೂ ನಿಮ್ಮನ್ನ ಕೈಲಾಗದೋಳು ಅನ್ಲಿಲ್ಲ."

ಸನಿಕೆಗಳು ನಿಂತವು. ಅವಳು ಬಗ್ಗಿ, ನರ್ಸಮ್ಮನ ಮುಖವಿದ್ದ ಕಡೆಯ ಹಸಿ ಮಣ್ಣನ್ನು ಎರಡೂ ಕೈಯಲ್ಲಿ ಮೇಲಕ್ಕೆ ಎಳೆಯತೊಡಗಿದಳು.