ರೋಬೋಟಿನ ಮೊಣಕಾಲು, ಕೈಯ ಮೊಣಕಾಲು

ಕೊಪ್ಪಳದ ಖಾಸಗಿ ಆಸ್ಪತ್ರೆಯೊಂದಕ್ಕೆ ಮೊಣಕಾಲಿನ ಕೀಲು ಬದಲಿಸುವ ರೋಬೋಟ್ ಬಂದು ವರ್ಷವಾಗುತ್ತ ಬಂದಿತ್ತು. ಅದರಿಂದ ಮಾಡಿಸಿಕೊಂಡವರು ಹೆಚ್ಚಿಗೆ ಸುರಿದ ದುಡ್ಡು ಸಾರ್ಥಕವಾಯಿತೇ, ಅಪಾಯವೇನೂ ಇಲ್ಲವೇ ಎಂದು ವಿಚಾರಿಸುವ ಕೆಲಸವನ್ನು ಅಲ್ಲಿ ಆಪರೇಷನ್ ಮಾಡುವ ಡಾಕ್ಟರ್ ರುದ್ರೇಶ ಫಿಸಿಯೋಥೆರಪಿಯ ಸುರೇಖಾಳಿಗೆ ಒಪ್ಪಿಸಿದ್ದರು. ಉತ್ತರ ಅವಳಿಗೂ ಬೇಕಿತ್ತು. ಮರುವಾರವೇ ಅವಳ ತಾಯಿ ಪಾರ್ವತೆಮ್ಮನಿಗೆ ಆಪರೇಷನ್. ಬಂಗಾರದ ಬೋರಮಾಳ ಸರ ಮಾರಿಯಾದರೂ ಸರಿ, ರೋಬೋಟೇ ಆಗಬೇಕೆಂದು ಮುದುಕಿ ಕುಕನೂರಿನಲ್ಲಿ ಪಟ್ಟು ಹಿಡಿದು ಕೂತಿದ್ದಳು.

ಸುರೇಖಾ ಫೋನಿನ ಮೇಲೆ ಫೋನು ಮಾಡಿದಳು. ರೋಬೋಟಿನಿಂದ ಮಾಡಿಸಿಕೊಂಡವರೂ ಆರಾಮ, ಡಾಕ್ಟರ ಕೈಯಿಂದ ಮಾಡಿಸಿಕೊಂಡವರೂ ಆರಾಮ. ನಮ್ಮ ಕಡೆ ಹೆಂಗದೀರಿ ಅಂದರೆ ಸಾಯಲು ಬಿದ್ದವನೂ ಆರಾಮ ಅನ್ನುತ್ತಾನೆ. ಇಲ್ಲೇ ಹುಟ್ಟಿ ಬೆಳೆದವಳಿಗೆ ಅದು ಹೊಳೆಯಲಿಲ್ಲವೆಂದರೆ ಏನನ್ನಬೇಕು!

ಮುನಿರಾಬಾದಿಗೆ ಬೇರೆ ಕೆಲಸಕ್ಕೆ ಹೋದವಳು, ಫೋನಿನಲ್ಲಿ ಆರಾಮ ಎಂದಿದ್ದ ಅಲ್ಲಿಯ ಖಾಜಾಬೀಯನ್ನು ಮಾತಾಡಿಸಿ ಬರೋಣವೆಂದು ಅವಳ ಮನೆಗೆ ಹೋದಳು. ರೋಬೋಟ್ ಕೂರಿಸಿದ ಮೊಣಕಾಲು ಚೆನ್ನಾಗಿಯೇ ಮಡಚುತ್ತಿತ್ತು. ಆದರೆ ಅದರ ಕೆಳಗೆ, ಆಪರೇಷನ್ ಹೊತ್ತಿನಲ್ಲಿ ಯಂತ್ರಕ್ಕೆ ಗುರುತು ಸಿಗಲೆಂದು ಎಲುಬಿಗೆ ಮೊಳೆ ಹೊಡೆದು ತೆಗೆದಿದ್ದ ಜಾಗದಲ್ಲಿ ಕೀವು ಸೋರುತ್ತಿತ್ತು. ಮೇಲೆ ಅರಿಶಿಣ ಮೆತ್ತಿಕೊಂಡಿದ್ದಳು. ಫೋನಿನಲ್ಲಿ ಯಾಕೆ ಹೇಳಲಿಲ್ಲವೆಂದು ಸುರೇಖಾ ಗದರಿದಳು.

"ನೀವು ಪ್ರೀತೀಲೆ ವಿಚಾರಿಸಿದ್ರಿ ಅಕ್ಕಾರ. ಅಂಥಾವ್ರಿಗೆ ಕೀವು, ರಕ್ತ ಅಂತ ಹೇಳಾಕ ಆಕ್ಕೈತೇನ್ರಿ?"

ಸುರೇಖಾ ಆಗಲೇ ಗಾಡಿ ಮಾಡಿಸಿ ಅವಳನ್ನು ಕೊಪ್ಪಳಕ್ಕೆ ಕರೆತಂದಳು. ಡಾಕ್ಟರು ಗಾಯ ತೊಳೆದು, ಕೀವು ಎಲುಬಿಗೆ ಇಳಿದಿಲ್ಲ, ಇನ್ನಷ್ಟು ತಡವಾಗಿದ್ದರೆ ಕಷ್ಟವಿತ್ತು ಎಂದರು. ಅವ್ವನಿಗೆ ಯಂತ್ರ ಬೇಡವೇ ಬೇಡ, ನಿಮ್ಮ ಕೈಯಿಂದಲೇ ಮಾಡಿ ಎಂದು ಸುರೇಖಾ ಕೇಳಿಕೊಂಡಳು.

ರುದ್ರೇಶ ಕೈಗವಸು ಕಳಚಿಟ್ಟು ಕೇಳಿದರು.

"ನನ್ನ ಕೈಲೆ ಮಾಡಿದ್ದು ಛಲೋ ಐತಿ ಅಂತ ನಿಮಗ ಹೆಂಗ ಗೊತ್ತಾತು? ಅದನ್ನೂ ಫೋನಿನ್ಯಾಗ ಕೇಳೀರಿ."

ಅವ್ವನ ಕಾಲನ್ನು ಯಾವುದಕ್ಕೆ ಒಪ್ಪಿಸಬೇಕೆಂದು ಸುರೇಖಾಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ನಾಚಿಕೆಯಾಯಿತು. ಅವ್ವನ ಆಪರೇಷನ್ ಮುಂದಕ್ಕೆ ಹಾಕಿರಿ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಲ್ಲ ಸುತ್ತಿ ಎರಡೂ ಥರದವರನ್ನು ಕಣ್ಣಾರೆ ನೋಡಿ ಬರುತ್ತೇನೆ ಎಂದಳು. ಡಾಕ್ಟರು ತಾವೂ ಬರುವುದಾಗಿ ಹೇಳಿ ಕಾರಿನ ಚಾವಿ ಹಿಡಿದು ಎದ್ದರು.

"ನೀವು ಬ್ಯಾಡ್ರಿ ಸರ," ಎಂದು ಸುರೇಖಾ ಚಾವಿ ಇಸಿದುಕೊಂಡಳು. "ನಿಮ್ಮನ್ನ ನೋಡಿದ್ರ ಕುಂಟಾವ್ರೂ ನೆಟ್ಟಗ ನಡದು ತೋರಸ್ತಾರ."