ಪುಟಾಣಿ ಲೆಕ್ಕದ ಬ್ರೇಕು

ಯಂಕೋಬ ಸಾಹೇಬರು ಆ ಕೆಂಪು ಫಿಯೆಟ್ ಕಾರನ್ನು ಹೈದರಾಬಾದಿನಿಂದ ತಂದದ್ದು ಎಂಬತ್ತನಾಲ್ಕರ ದೀಪಾವಳಿಯ ಹಿಂದಿನ ವಾರ. ಅದು ಮದ್ರಾಸಿನ ಕಡೆ ರೇಸಿನಲ್ಲಿ ಓಡಿದ ಗಾಡಿ. ಒಂದಿರಬೇಕಾದಲ್ಲಿ ಎರಡು ಕಾರ್ಬೊರೇಟರು, ಓಣಿಯ ಕೋಳಿಗಳೆಲ್ಲ ಗೋಡೆ ಹತ್ತುವಂಥ ಸಪ್ಪಳ. ಬಾಗಿಲ ಮೇಲೆ ಯಾವಾಗಲೋ ಬರೆದಿದ್ದ ಏಳನೇ ನಂಬರು ಕೆರೆದರೂ ಪೂರ್ತಿ ಹೋಗಿರಲಿಲ್ಲ. ಹೋಗಲಿ ಎಂಬ ಆಸೆ ಸಾಹೇಬರಿಗೂ ಇರಲಿಲ್ಲ.

ಅವರ ಮನೆ ರಾಯಚೂರಿನಲ್ಲಿ, ಕೆಲಸ ಮಾನ್ವಿಯ ನೀರಾವರಿ ಕಚೇರಿಯಲ್ಲಿ ಇಂಜಿನಿಯರು. ನಾನು ಈರಯ್ಯ, ಅದೇ ಕಚೇರಿಯ ಟೈಪಿಸ್ಟ್. ಪೆಟ್ರೋಲಿಗೆ ನನ್ನ ಪಾಲು ಕೊಟ್ಟು ದಿನಾ ಅವರ ಜೊತೆ ಹೋಗಿ ಬರುತ್ತಿದ್ದೆ. ಸಾಹೇಬರ ತಂದೆ ನಮ್ಮ ಕಾಲುವೆ ತೋಡುವಾಗ ಮಣ್ಣು ಹೊತ್ತವರು. ಮಗ ಅದೇ ಕಾಲುವೆಯ ನೀರು ಅಳೆಯುತ್ತಿದ್ದ, ಅದೂ ಕಾರಿನಲ್ಲಿ ಬಂದು. ಅವರ ಕೇರಿಯಲ್ಲಿ ಕಾರು ಕೊಂಡವರಲ್ಲಿ ಅವರೇ ಮೊದಲಿಗರು. ಆ ಖುಷಿಗೆ ಸ್ವಲ್ಪ ಸಪ್ಪಳ ಇದ್ದರೆ ತಪ್ಪೇನಿಲ್ಲ ಎಂದು ನಾನು ಸುಮ್ಮನಿದ್ದೆ.

ತೊಂದರೆ ಇದ್ದದ್ದು ಬ್ರೇಕಿನಲ್ಲಿ. ಕಾಲಿಟ್ಟರೆ ಗಾಡಿ ನಿಲ್ಲುತ್ತಿತ್ತು, ಆದರೆ ತನಗೆ ಮನಸ್ಸು ಬಂದಾಗ.

ಡಿಸೆಂಬರ್ ಮೊದಲ ವಾರ ಪೋತ್ನಾಳದಲ್ಲಿ ಪರಿಚಯದವರ ಮನೆಯ ತೊಟ್ಟಿಲು ಕಾರ್ಯಕ್ಕೆ ಹೊರಟೆವು. ಸಾಹೇಬರು, ಅವರ ಹೆಂಡತಿ ಮಾನಮ್ಮ, ನಾನು. ಮಾನಮ್ಮ ಸಾಲಿ ಟೀಚರು, ಆಗ ಏಳನೇ ತಿಂಗಳ ಬಸುರಿ. ಸುಗ್ಗಿಯ ಕಾಲ, ಊರಿನ ಹೆಣ್ಣುಮಕ್ಕಳು ಡಾಂಬರು ರಸ್ತೆಯ ಅರ್ಧಕ್ಕೆ ಭತ್ತ ಹರವಿ ಒಣಗಿಸುತ್ತಿದ್ದರು. ಎದುರಿನಿಂದ ಬಸ್ಸು ಬಂತು. ಸಾಹೇಬರು ಬ್ರೇಕ್ ಒತ್ತಿದರು. ಗಾಡಿ ತನ್ನ ಪಾಡಿಗೆ ತಾನು ಭತ್ತದೊಳಗೆ ಹೋಗಿ, ರಾಶಿಯೊಂದಕ್ಕೆ ಮೂಗು ತೂರಿಸಿ ಮೆತ್ತಗೆ ನಿಂತಿತು.

ಯಾರಿಗೂ ಏನೂ ಆಗಲಿಲ್ಲ. ಆದರೆ ಆರು ಜನ ಹೆಂಗಸರು ಸುತ್ತುಗಟ್ಟಿದರು.

"ಏನ್ರೀ ಸಾಹೇಬ್ರ, ಬಣವಿ ಅನ್ಕೊಂಡು ಮೇಯಾಕ ಬಂತೇನು ನಿಮ್ಮ ಗಾಡಿ?" ಎಂದಳು ಒಬ್ಬಳು. ಇನ್ನೊಬ್ಬಳು ಕಸಬರಗಿ ತಂದು ಸಾಹೇಬರ ಕೈಗಿಟ್ಟಳು. ಅಲ್ಲಿ ಅದೇ ರೂಢಿ: ಯಾರ ಗಾಲಿಯಿಂದ ಚೆಲ್ಲಿತೋ ಅವರೇ ಗುಡಿಸಿ ಕೂಡಿಸಬೇಕು. ಇಸ್ತ್ರಿ ಪ್ಯಾಂಟಿನ ಇಂಜಿನಿಯರು ಅರ್ಧ ತಾಸು ಗುಡಿಸಿದರು. ಮಾನಮ್ಮ ಮೈಲಿಗಲ್ಲಿನ ಮೇಲೆ ಕೂತು ನೋಡಿದರು. ವಾಪಸು ಬರುವಾಗ ಅವರು ಕಾರು ಹತ್ತಲಿಲ್ಲ, ಬಸ್ಸು ಹತ್ತಿದರು.

ಮರುದಿನ ಮುಂಜಾನೆ ನಾನು ಅವರ ಮನೆಯ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿರುವಾಗಲೇ ತೀರ್ಪು ಬಂತು.

"ಬರೂ ಆಯ್ತವಾರದ ಮುಂದಿನ ಆಯ್ತವಾರ ದೇವದುರ್ಗದಾಗ ನನ್ನ ಕುಬಸ," ಎಂದರು ಮಾನಮ್ಮ. ಕುಬಸ ಅಂದರೆ ಸೀಮಂತ. "ನನ್ನ ತವರಿನ ಮಂದಿ ಅಳಿಯ ಕಾರಿನ್ಯಾಗ ಕರಕೊಂಡು ಬರ್ತಾನಂತ ದಾರಿ ಕಾಯಾಕತ್ಯಾರ. ಈ ಗಾಡಿ ನಿಂದ್ರೂದು ಕಲ್ತ್ರ ಹತ್ತತೀನಿ. ಇಲ್ಲಂದ್ರ ಬಸ್ಸಿಗಿ ಹೋಗ್ತೀನಿ. ನಾ ತವರಿನ್ಯಾಗ ಬಸ್ಸಿಂದ ಇಳದ್ರ ಸೋಮವಾರ ಈ ಗಾಡಿ ಮಾರಬೇಕು."

"ಮಾರ್ತೀನಿ, ಹೋಗು!" ಎಂದುಬಿಟ್ಟರು ಸಾಹೇಬರು. ಎಂದ ಮೇಲೆ ಅವರ ಮುಖ ನೋಡಬೇಕಿತ್ತು. ಸಾಕ್ಷಿಗೆ ನಾನು ಇದ್ದೆ, ಕೈಯಲ್ಲಿ ಅವರದೇ ಮನೆಯ ಚಹಾ.

ಆ ಸಂಜೆಯೇ ಅವರು ಸ್ಟೇಷನ್ ರಸ್ತೆಯ ಬಿಡಿಭಾಗದ ಅಂಗಡಿಗೆ ಹೋದರು. ರೇಸ್ ಗಾಡಿಗೆ ರೇಸ್ ಬ್ರೇಕೇ ಬೇಕು, ಬೊಂಬಾಯಿಯಿಂದ ತರಿಸಿಕೊಡುತ್ತೇನೆ, ಸಾವಿರದ ನಾನೂರು ಎಂದ ಅಂಗಡಿಯವನು. ಅದು ನನ್ನ ಎರಡು ತಿಂಗಳ ಪಗಾರ. ಸಾಹೇಬರು ಕೊಡಲು ತಯಾರಾಗಿದ್ದರು. ನಾನೇ ಅವರನ್ನು ಎಳೆದುಕೊಂಡು ಜಿಲಾನಿ ಪಾಷಾನ ಗ್ಯಾರೇಜಿಗೆ ಹೋದೆ.

ಜಿಲಾನಿ ಪಾಷಾ ಚಕ್ರ ಬಿಚ್ಚಿ ಒಳಗೆ ನೋಡಿದ. ಗಾಲಿಯ ಡ್ರಮ್ಮಿಗೆ ಒಳಗಿನಿಂದ ಒತ್ತಿ ಹಿಡಿಯುವ ಪಟ್ಟಿಗೆ ಲೈನರು ಅನ್ನುತ್ತಾರೆ. ಅದನ್ನು ಉಗುರಿನಿಂದ ಗೀರಿದ.

"ಭಾಳ ಚಲೋ ಮಾಲು ಅದ್ರಿ ಇದು," ಎಂದ.

"ಮತ್ತ ಹಿಡಿಯಂಗಿಲ್ಲಲ್ಲೋ?" ಎಂದರು ಸಾಹೇಬರು.

"ಅದನ್ನ ನಾ ಈಗ ಹೇಳಂಗಿಲ್ರಿ. ನಾಳೆ ನಿಮ್ಮ ಕೂಡ ಮಾನ್ವಿಗಿ ಬರ್ತೀನಿ. ಗಾಡಿ ನೋಡಿ ಬ್ರೇಕ್ ಹಾಕೂದಲ್ರಿ, ದಾರಿ ನೋಡಿ ಹಾಕೂದು."

ಇದು ಅವನ ಪದ್ಧತಿ. ಲಾರಿಯಾಗಲಿ ಕಾರಾಗಲಿ, ಒಂದು ದಿನ ಜೊತೆಗೆ ಕೂತು ಹೋಗದೆ ಬ್ರೇಕಿಗೆ ಕೈ ಹಚ್ಚುತ್ತಿರಲಿಲ್ಲ.

ಮರುದಿನ ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕೂತ. ಅಂಗಿಯ ಒಂದು ಜೇಬಿನಲ್ಲಿ ಪುಟಾಣಿ, ಅಂದರೆ ಹುರಿಗಡಲೆ, ಇನ್ನೊಂದರಲ್ಲಿ ಹುಣಸೆಬೀಜ. ನಡುವೆ ಒಂದು ಬಿಸ್ಕತ್ತಿನ ಖಾಲಿ ಡಬ್ಬಿ. ಸಾಹೇಬರು ಹಗುರ ಬ್ರೇಕ್ ಹಿಡಿದರೆ ಡಬ್ಬಿಗೆ ಒಂದು ಪುಟಾಣಿ, ಜೋರಾಗಿ ಒತ್ತಿದರೆ ಒಂದು ಹುಣಸೆಬೀಜ. ರೈಲ್ವೆ ಗೇಟಿಗೆ ಒಂದು, ಮಾರ್ಕೆಟ್ಟಿನ ಬಂಡಿಗಳಿಗೆ ಒಂಬತ್ತು, ಕುರಿಹಿಂಡಿಗೆ ಮೂರು. ಒಂದು ಎಮ್ಮೆ ರಸ್ತೆಯ ನಡುವೆ ನಿಂತು ಯೋಚನೆ ಮಾಡುತ್ತಿತ್ತು, ಅದೊಂದಕ್ಕೇ ನಾಲ್ಕು.

ಮಾನ್ವಿ ಮುಟ್ಟಿದಾಗ ಜಿಲಾನಿ ಡಬ್ಬಿ ಎತ್ತಿ ಅಲ್ಲಾಡಿಸಿದ. ಮುಖ ಗಂಟಿಕ್ಕಿತು.

"ಈರಯ್ಯೋರೆ, ಬಾಯಾಗ ಏನದ?"

ನಾನು ನುಂಗಿದೆ. ದೇವರಾಣೆ, ತಿನ್ನುತ್ತಿದ್ದೇನೆಂಬ ಖಬರೇ ನನಗಿರಲಿಲ್ಲ. ಮುಂದೆ ಪುಟಾಣಿ ಇದ್ದರೆ ಕೈ ತಾನೇ ಹೋಗುತ್ತದೆ.

"ಅರೇ ಅಲ್ಲಾ! ಸಾಹೇಬ್ರ ಬ್ರೇಕ್ ಹಿಡೀತಾರ, ಇವ್ರು ತಿಂತಾರ! ಎಷ್ಟ್ ಬ್ರೇಕ್ ತಿಂದೀರ್ರಿ?"

"ಹತ್ತು... ಹದಿನೈದು ಇರಬಹುದು."

"ಇಪ್ಪತ್ತು ಹಿಡೀತೀನಿ. ನಿಮ್ಮ ಹೊಟ್ಟಿ ನೋಡಿದ್ರ ಗೊತ್ತಾಗ್ತದ."

ಉಳಿದ ಪುಟಾಣಿ ಎಣಿಸಿ, ನನ್ನ ಇಪ್ಪತ್ತು ಕೂಡಿಸಿದ: ಎಪ್ಪತ್ತಾರು. ಹುಣಸೆಬೀಜ ಎರಡೇ ಎರಡು. ಆಮೇಲೆ ಇಳಿದು ಸಾಹೇಬರ ಕೈ ಹಿಡಿದು ಮುಂದಿನ ಗಾಲಿಯ ನಡುವೆ ಇಡಿಸಿದ.

"ಹೆಂಗದರೀ?"

"ತಣ್ಣಗೇ ಅದ."

"ಅಷ್ಟ ನೋಡ್ರಿ ಕಥಿ. ನಿಮ್ಮದು ರೇಸಿನ ಲೈನರು. ಕಲ್ಲಿನಂಗ ಗಟ್ಟಿ. ಅದು ಕಾದ ಮ್ಯಾಲೇ ಹಿಡಿಯೂದು. ರೇಸಿನ್ಯಾಗ ಉಸುರು ಬಿಡೂದ್ರಾಗ ಮತ್ತ ಮತ್ತ ಒತ್ತತಾರ, ಬೆಂಕಿಯಾಗ್ತದ. ನೀವು ಎಮ್ಮಿಗಿ ಒಂದ್ಸಲ, ಮುದುಕಿಗಿ ಒಂದ್ಸಲ ಮುಟ್ಟತೀರಿ. ಎಲ್ಲಿ ಕಾಯಬೇಕು ಅದು? ಸಾವಿರದ ನಾನೂರು ಕೊಟ್ಟು ಮತ್ತ ಅಂಥದೇ ತಂದ್ರ, ಹೊಸಾ ಕಸಬರಗೀನೂ ತಂದಿಟ್ಕೋರಿ."

ಭತ್ತದ ಸುದ್ದಿ ಅವನಿಗೆ ನಾನು ಹೇಳಿದ್ದೆ. ಸಾಹೇಬರು ನನ್ನನ್ನು ನೋಡಿದರು. ನಾನು ಕಚೇರಿಯ ಬೋರ್ಡು ನೋಡಿದೆ.

"ಅಂದ್ರ ನನ್ನ ಗಾಡಿಗಿ ಬಾಡಿಗಿ ಟ್ಯಾಕ್ಸಿ ಬ್ರೇಕ್ ಹಾಕು ಅಂತೀಯೇನು?" ಅವರ ದನಿ ಇಳಿದಿತ್ತು. ಪಾಪ, ಬಾಗಿಲ ಮೇಲಿನ ಏಳನ್ನೇ ಯಾರೋ ಅಳಿಸಿದಂತಾಗಿತ್ತು.

"ಇಂಜಿನ್ ರೇಸಿಂದೇ ಇರಲ್ರಿ, ಯಾರ್ ಬ್ಯಾಡಂತಾರ? ಓಡೂದು ನಿಮ್ಮ ಖುಷಿಗಿ. ನಿಂದ್ರೂದು ಅಕ್ಕೋರ ಸಲುವಾಗಿ."

ಮಾನಮ್ಮನ ಹೆಸರು ಬಂದಮೇಲೆ ಸಾಹೇಬರು ಆ ಸಂಜೆಯೇ ಗಾಡಿಯನ್ನು ಗ್ಯಾರೇಜಿಗೆ ಬಿಟ್ಟರು.

ಜಿಲಾನಿ ಹಾಕಿದ್ದು ಸಾದಾ ಮೆತ್ತನೆಯ ಲೈನರು. ಮಿಕ್ಕ ಖರ್ಚನ್ನೆಲ್ಲ ಕಣ್ಣಿಗೆ ಕಾಣದ ಜಾಗಕ್ಕೆ ಹಾಕಿಸಿದ: ಗೀರು ಬಿದ್ದ ಡ್ರಮ್ಮುಗಳನ್ನು ಲೇತಿಗೆ ಹಾಕಿ ನುಣುಪು ಮಾಡಿಸಿದ, ಒಳಗಿನ ಹಳೆಯ ರಬ್ಬರುಗಳನ್ನು ತೆಗೆದು ಹೊಸವನ್ನು ಕೂಡಿಸಿದ, ಬ್ರೇಕ್ ಆಯಿಲ್ ಬದಲಿಸಿದ. ಎಲ್ಲ ಸೇರಿ ಇನ್ನೂರ ಎಂಬತ್ತು ರೂಪಾಯಿ.

ಲೈನರನ್ನು ಅದರ ಕಬ್ಬಿಣದ ಕಮಾನಿಗೆ ಕೂಡಿಸಿ ರಿವಿಟ್ ಹೊಡೆಯುವ ಕೆಲಸ ಮಾತ್ರ ಅವನ ತಾಯಿ ಹಾಜಿರಾ ಬೀಯದು. ಅಂಗಳದಲ್ಲಿ ಗೋಣಿತಟ್ಟು ಹಾಸಿ ಕೂತು, ನಡುವಿನಿಂದ ಶುರುಮಾಡಿ ಎರಡೂ ತುದಿಗೆ ಹಿತ್ತಾಳೆ ರಿವಿಟ್ ಹೊಡೆಯುತ್ತ ಹೋಗುತ್ತಿದ್ದರು. ಒಂದೊಂದು ಮುಗಿದಾಗಲೂ ಬಿಸಿಲಿಗೆ ಹಿಡಿದು ನೋಡುವರು. ಎರಡರ ನಡುವೆ ಕೂದಲೆಳೆ ಬೆಳಕು ಕಂಡರೂ ಬಿಚ್ಚಿ ಮತ್ತೆ ಹೊಡೆಯುವರು.

"ಜಲ್ದಿ ಆಗ್ಲಿ ಯವ್ವಾ, ಆಯ್ತವಾರ ಕುಬಸ ಅದ," ಎಂದರು ಸಾಹೇಬರು.

"ಅದಕ್ಕ ತಡಾ ಮಾಡಾಕತ್ತೀನಿ," ಎಂದರು ಹಾಜಿರಾ ಬೀ, ತಲೆ ಎತ್ತದೆ. "ಬಸುರಿ ಹೆಣಮಗಳು ಕೂಡೂ ಗಾಡಿ ಇದು."

ಗುರುವಾರ ಗಾಡಿ ಸಿಕ್ಕಿತು. ಲೈನರು ಡ್ರಮ್ಮಿಗೆ ಕೂಡಲು ಎರಡು ದಿನ ನಿಧಾನ ಓಡಿಸಬೇಕೆಂದಿದ್ದ ಜಿಲಾನಿ. ಆ ಎರಡು ದಿನ ನಮ್ಮನ್ನು ಸೈಕಲ್ಲುಗಳು ಹಿಂದೆ ಹಾಕಿದವು.

ಭಾನುವಾರ ಬೆಳಿಗ್ಗೆ ಏಳು ಗಂಟೆ. ನಾನು ಹೋಗುವಷ್ಟರಲ್ಲಿ ಓಣಿಯ ಮಂದಿ ಕಟ್ಟೆಗಳ ಮೇಲೆ ಕೂತಿದ್ದರು. ಮಾನಮ್ಮ ಹಸಿರು ಸೀರೆ ಉಟ್ಟು, ಮನೆಯ ಮುಂದಿನ ಹಾದಿಗೆ ಅಡ್ಡಲಾಗಿ ಒಂದು ಮೊರ ಭತ್ತ ಹರವಿದ್ದರು. ಪಕ್ಕದಲ್ಲಿ ಕಸಬರಗಿ.

"ಆ ಮೂಲಿಯಿಂದ ಜೋರ್ ಬರ್ರಿ," ಎಂದರು ಗಂಡನಿಗೆ. "ಓಣಿ ನಳದ ತನಕ ಬ್ರೇಕ್ ಮುಟ್ಟಬ್ಯಾಡ್ರಿ. ನಿಂತ್ರ ಹತ್ತತೀನಿ."

"ಒಂದ್ ಸುತ್ತು ಹೋಗಿ ಬರ್ತೀನಿ, ಗಾಡಿ ಬಿಸಿ ಆಗ್ಲಿ..."

"ಭತ್ತಕ್ಕ ನುಗ್ಗಿದ ದಿನಾನೂ ಗಾಡಿ ಬಿಸಿ ಇತ್ತು. ಹಿಂಗೇ ಬರ್ರಿ."

ನಾನು ಧೈರ್ಯಕ್ಕೆಂದು ಹಿಂದಿನ ಸೀಟಿನಲ್ಲಿ ಕೂತೆ. ಸಾಹೇಬರ ಹಣೆಯಲ್ಲಿ ಆ ಚಳಿಯಲ್ಲೂ ಬೆವರು. ಎರಡು ಕಾರ್ಬೊರೇಟರು ಒಮ್ಮೆಲೇ ಗರ್ಜಿಸಿದವು, ಕೋಳಿಗಳು ಗೋಡೆ ಹತ್ತಿದವು, ನಳ ಹಾರಿಕೊಂಡು ನಮ್ಮ ಕಡೆ ಬಂತು. ಸಾಹೇಬರು ಕಾಲು ಒತ್ತಿದರು.

ಗಾಡಿ ನಿಂತಿತು. ನಾನು ನಿಲ್ಲಲಿಲ್ಲ, ಮುಂದಿನ ಸೀಟಿನ ಮೇಲೆ ಬೋರಲು ಬಿದ್ದೆ. ಕಣ್ಣು ಬಿಟ್ಟಾಗ ಓಣಿ ಎಲ್ಲ ಚಪ್ಪಾಳೆ ಹೊಡೆಯುತ್ತಿತ್ತು. ಗಾಲಿಗೂ ಭತ್ತಕ್ಕೂ ನಡುವೆ ಒಂದು ಗೇಣು ಜಾಗ.

ಮಾನಮ್ಮ ಬಂದು ನೋಡಿದರು. ಕಸಬರಗಿ ಎತ್ತಿ ಗಂಡನ ಕೈಗೆ ಕೊಟ್ಟರು.

"ನಿಂತೀನಲ್ಲಾ!"

"ನಿಂತೀರಿ, ಅದಕ್ಕ ಹತ್ತತೀನಿ. ಹಂಗಂತ ಭತ್ತ ಹಾದ್ಯಾಗ ಬಿಟ್ಟು ಹೋಗ್ತೀರೇನು? ನಾ ಬಗ್ಗಂಗಿಲ್ಲ."

ಸಾಹೇಬರು ಗುಡಿಸಿದರು. ಅಷ್ಟು ಸಂತೋಷದಿಂದ ಕಸಬರಗಿ ಹಿಡಿದ ಇಂಜಿನಿಯರನ್ನು ನಾನು ನೋಡಿಲ್ಲ.

ದೇವದುರ್ಗದ ದಾರಿ ಹಿಡಿದಾಗ ಮಾನಮ್ಮ ಮುಂದಿನ ಸೀಟಿನಲ್ಲಿ, ನಾನು ಹಿಂದೆ ತೆಂಗಿನಕಾಯಿಗಳ ನಡುವೆ. ಹಾಜಿರಾ ಬೀ ಕಳಿಸಿದ್ದ ಒಂದು ಡಜನ್ ಹಸಿರು ಬಳೆ ನನ್ನ ತೊಡೆಯ ಮೇಲಿತ್ತು. ಜಿಲಾನಿ ಒಂದು ಪೊಟ್ಟಣ ಪುಟಾಣಿಯನ್ನೂ ಕೊಟ್ಟಿದ್ದ. ಹೋಗುವಾಗ ಬ್ರೇಕ್ ಎಣಿಸಿಕೊಂಡು ಹೋಗಬೇಕೆಂದು ಅವನ ತಾಕೀತು. ಲೆಕ್ಕವನ್ನು ನನ್ನ ಕೈಗೆ ಕೊಡಬೇಡಿ ಎಂದೂ ಹೇಳಿದ್ದನಂತೆ. ಹಾಗಾಗಿ ಪೊಟ್ಟಣ ಮಾನಮ್ಮನ ಮಡಿಲಲ್ಲಿತ್ತು.

ಗಬ್ಬೂರು ದಾಟಿತು. ಎತ್ತಿನ ಬಂಡಿ ಬಂತು, ಮೇಕೆ ಬಂದವು, ಗಾಡಿ ಎಲ್ಲಕ್ಕೂ ಮರ್ಯಾದೆಯಿಂದ ನಿಂತು ಮುಂದೆ ಹೋಯಿತು. ದೇವದುರ್ಗದಲ್ಲಿ ಮಾನಮ್ಮನ ತಾಯಿ ಗೋಪಮ್ಮ ಆರತಿ ಹಿಡಿದು ಬಾಗಿಲಲ್ಲೇ ನಿಂತಿದ್ದರು. ಸಾಹೇಬರು ತಟ್ಟೆಯ ದೀಪ ಅಲುಗದಂತೆ ಗಾಡಿ ಹತ್ತಿರಕ್ಕೆ ತಂದು ನಿಲ್ಲಿಸಿ, ಹೆಂಡತಿಯ ಕಡೆ ತಿರುಗಿದರು.

"ಎಷ್ಟಾದ್ವು?"

ಮಾನಮ್ಮ ಖಾಲಿ ಪೊಟ್ಟಣ ಜಾಡಿಸಿ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಇಳಿದರು.

"ನನಗೇನ್ ಗೊತ್ತು? ಎಲ್ಲಾ ಒಳಗ ಹೋಗ್ಯಾವ. ಇದು ಹುಟ್ಟಿದ ಮ್ಯಾಲ ಕೇಳ್ರಿ."